ನೋಡಿದ್ದಕ್ಕೂ ದುಡ್ಡಾ?

ಐನೂರು ರೂಪಾಯಿಗೆ ಶುರುವಾದ ಜಗಳ ಇದು.

ಕೂಡ್ಲಿಗಿಯಲ್ಲಿ ಹಳೇ ರಸ್ತೆ ಪಕ್ಕದ ಒಂದು ತಗಡಿನ ಶೆಡ್ಡು. ವಯಸ್ಸಾದ ಮೇಸ್ತ್ರಿ ಒಂದು ತಾಸು ನಮ್ಮ ಪಿಕಪ್ಪಿನ ಕೆಳಗೆ ಮಲಗಿದ್ದು, ಮಿಕ್ಕ ಕೆಲಸವನ್ನೆಲ್ಲ ಮುಗಿಸಿ, ಬನಿಯನ್ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಲೆಕ್ಕ ಹೇಳಿದರು. ಬೋಲ್ಟಿಗೆ 180. ಪ್ಲೇಟು, ವೆಲ್ಡಿಂಗು ಸೇರಿ 900. ಆಮೇಲೆ ಒಂದು ಕ್ಷಣ ತಡೆದು, "ನೋಡಿದ್ದಕ್ಕೆ 500" ಅಂದರು.

ನಮ್ಮಣ್ಣ, ಅಂದರೆ ದೊಡ್ಡಪ್ಪನ ಮಗ, ಗಾಡಿ ಓನರ್ರು, ಥಟ್ಟನೆ ಕೇಳಿದ. "ನೋಡಿದ್ದಕ್ಕೂ ದುಡ್ಡಾ ಮೇಸ್ತ್ರಿ?"

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಟ್ಟು ಏನೂ ಅನ್ನಲಿಲ್ಲ ಅನ್ನೋದು ನಿಜ, ಆದರೆ ಒಳಗೊಳಗೆ ನನಗೂ ಹಾಗೇ ಅನ್ನಿಸಿತ್ತು. ಬೆಂಗಳೂರಿನಲ್ಲಿ ನನ್ನ ಕಂಪನಿ ನಾನು ಕೂತು 'ನೋಡಿದ' ಪ್ರತಿ ಗಂಟೆಗೂ ಯಾರಿಗೋ ಡಾಲರಿನಲ್ಲಿ ಬಿಲ್ಲು ಕಳಿಸುತ್ತೆ. ನೋಡಿ ಏನೂ ಸಿಗದಿದ್ದರೂ ಕಳಿಸುತ್ತೆ. ಅಂಥ ನಾನು ಐನೂರಕ್ಕೆ ಮುಖ ಹುಳ್ಳಗೆ ಮಾಡಿಕೊಂಡು ನಿಂತಿದ್ದೆ.

ಗಾಡಿ ಕಥೆ ಮೊದಲು ಹೇಳಿಬಿಡ್ತೀನಿ.

ಕೆಎ-35 ನಂಬರಿನ, 2009ರ ಮಾಡೆಲ್ಲಿನ, ಸೆಕೆಂಡ್ ಹ್ಯಾಂಡ್ ಪಿಕಪ್ಪು. ಪವರ್ ಸ್ಟೇರಿಂಗ್ ಇಲ್ಲ. ನಮ್ಮೂರು ಕೊಟ್ಟೂರಿನಿಂದ ಸ್ವಲ್ಪ ಒಳಗೆ. ಈರುಳ್ಳಿ ಕಿತ್ತರೆ ದಾವಣಗೆರೆ ಮಾರ್ಕೆಟ್ಟಿಗೆ, ಮೆಕ್ಕೆಜೋಳ ಬಂದರೆ ಹರಪನಹಳ್ಳಿಗೆ, ಹಡಗಲಿ ಕಡೆ ಮಲ್ಲಿಗೆ ಸೀಸನ್ನಿನಲ್ಲಿ ಬೆಳಗಿನ ಜಾವದ ಬಾಡಿಗೆ, ಮಧ್ಯೆ ಮಧ್ಯೆ ಹಗರಿಬೊಮ್ಮನಹಳ್ಳಿಗೆ ಸಿಮೆಂಟು ಗೊಬ್ಬರ ತರೋ ಕೆಲಸ. ಮೈಲಾರದ ಕಾರಣಿಕ, ಕೊಟ್ಟೂರಿನ ತೇರು ಬಂತೆಂದರೆ ಜನ. ಜಾತ್ರೆ ಇಲ್ಲದ ದಿನಗಳಲ್ಲೂ ಬೆಳಿಗ್ಗೆ ಏಳಕ್ಕೆ ಕಳೆ ತೆಗೆಯಲು, ಈರುಳ್ಳಿ ಕೊಯ್ಯಲು ಹೋಗುವ ಹದಿನೈದು ಇಪ್ಪತ್ತು ಹೆಣ್ಣುಮಕ್ಕಳು ಹಿಂದೆ ನಿಂತಿರ್ತಾರೆ. ಸರಕು ಗಾಡಿಯಲ್ಲಿ ಜನ ಸಾಗಿಸೋದು ತಪ್ಪು ಅಂತ ನನಗೆ ಗೊತ್ತು, ಅಣ್ಣನಿಗೂ ಗೊತ್ತು. ಹೊಲದ ಬದುವಿಗೆ ಬಸ್ಸು ಬರಲ್ಲ ಅನ್ನೋದು ಆ ಹೆಣ್ಣುಮಕ್ಕಳಿಗೆ ಗೊತ್ತು. ಇದನ್ನ ಸಮರ್ಥಿಸ್ತಾ ಇಲ್ಲ. ಆ ಸ್ಟೇರಿಂಗಿಗೆ ಯಾರ ಯಾರ ಜೀವ ನೇತುಬಿದ್ದಿತ್ತು ಅಂತ ಹೇಳ್ತಾ ಇದೀನಿ ಅಷ್ಟೆ.

ಒಂದು ದಿನ ಫೋನು ಬಂತು. "ಸ್ಟೇರಿಂಗಿನಾಗೆ ಪ್ಲೇ ಬಂದೈತೆ ಕಣೋ. ನೆಟ್ಟಗೆ ಹೋಗಬೇಕಂದ್ರೂ ಆ ಕಡೆ ಈ ಕಡೆ ಆಡಿಸ್ತಾ ಇರಬೇಕು."

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಮಾಡುವವನು. ಒಂದು ಪ್ರಶ್ನೆ ಕೂಡ ಕೇಳದೆ ಏನಂದೆ ಗೊತ್ತಾ? "ಟೈಟ್ ಮಾಡಿಸಿಬಿಡು ಅಣ್ಣಾ, ದುಡ್ಡು ಹಾಕ್ತೀನಿ."

ಹರಪನಹಳ್ಳಿಯಲ್ಲಿ ಒಂದು ಗ್ಯಾರೇಜಿನವರು ಸ್ಟೇರಿಂಗ್ ಬಾಕ್ಸ್ ಮೇಲಿನ ಸ್ಕ್ರೂ ಟೈಟ್ ಮಾಡಿದರು. 200. ಒಂದು ವಾರ ಚೆನ್ನಾಗಿತ್ತು. ಆಮೇಲೆ ಹಗರಿಬೊಮ್ಮನಹಳ್ಳಿಯಲ್ಲಿ ಇನ್ಯಾರೋ "ಟೈರಾಡ್ ಎಂಡ್ ಹೋಗೈತೆ" ಅಂದರು. ಸೆಟ್ಟೇ ಬದಲಿಸಿದ್ದಾಯ್ತು, 2,400. ಟೈರಾಡ್ ಬದಲಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕಲ್ಲ, ಹೊಸಪೇಟೆಗೆ ಹೋಗಿ 500. ಹಡಗಲಿ ದಾರಿಯಲ್ಲಿ ಮತ್ತೆ ಆಡಿತು. ಅಲ್ಲೇ ಯಾರೋ ಮತ್ತೊಮ್ಮೆ ಅದೇ ಸ್ಕ್ರೂ ಟೈಟ್ ಮಾಡಿದರು, ಮತ್ತೆ 200. ಈ ಸಲ ತಿರುವಿನಲ್ಲಿ ಸ್ಟೇರಿಂಗು ಹಿಡಿದುಕೊಂಡು ವಾಪಸ್ ಬರಲೇ ಇಲ್ಲವಂತೆ, ಕೈಯಿಂದ ಎಳೆದು ತಂದೆ ಅಂದ. ಕೊನೆಗೆ ಬಾಕ್ಸೇ ಹೋಗೈತೆ ಅಂತ ತೀರ್ಮಾನವಾಗಿ, ಹಳೇದು ಗುಜರಿಗೆ ಬಿದ್ದು, ಹೊಸದು ಕೂತಿತು. ಕೂಲಿ ಸೇರಿ 11,500.

ಒಟ್ಟು 14,800 ರೂಪಾಯಿ. ಐದು ಕೈ ಬಿದ್ದಿದೆ. ಎಲ್ಲ ಸಲವೂ ನಾನು ಮೀಟಿಂಗಿನಲ್ಲಿ ಕೂತೇ ಮೊಬೈಲಿನಿಂದ ದುಡ್ಡು ಕಳಿಸಿದ್ದೇನೆ, ಒಂದು ಹೆಬ್ಬೆರಳಿನ ಚಿತ್ರವನ್ನೂ ಕಳಿಸಿದ್ದೇನೆ. ಗಾಡಿ ಮಾತ್ರ ಹಾಗೇ ಆಡ್ತಾ ಇತ್ತು.

ಹಬ್ಬಕ್ಕೆ ಊರಿಗೆ ಹೋದಾಗ ಅಣ್ಣನ ಜೊತೆ ನಾನೇ ಕೂತು ಕೂಡ್ಲಿಗಿಗೆ ಹೋದೆ. ನೆಟ್ಟಗಿನ ರಸ್ತೆಯಲ್ಲಿ ಅವನ ಕೈಗಳು ತೊಟ್ಟಿಲು ತೂಗಿದ ಹಾಗೆ ತೂಗ್ತಾ ಇದ್ದವು. ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ನನಗೆ ಎದುರಿಂದ ಬರುವ ಪ್ರತಿ ಲಾರಿಗೂ ಕಾಲು ತಾನೇ ತಾನಾಗಿ ಇಲ್ಲದ ಬ್ರೇಕು ಒತ್ತುತ್ತಿತ್ತು.

ಮೇಸ್ತ್ರಿ ಪಾನಾ ಮುಟ್ಟಲಿಲ್ಲ. ಮೊದಲು ಗಾಡಿ ಸಮನೆಲದ ಮೇಲೆ ನಿಲ್ಲಿಸಿ, ಚಕ್ರ ನೆಟ್ಟಗೆ ಮಾಡಿ, ಇಂಜಿನ್ ಆಫ್ ಮಾಡಿಸಿದರು. ಟೈರಿಗೆ ಗಾಳಿ ನೋಡಿದರು. "ಏಯ್ ತಮ್ಮಾ, ನೀನು ಮ್ಯಾಲೆ ಕುಂತ್ಕ. ಸ್ಟೇರಿಂಗು ಇಷ್ಟೇ ಇಷ್ಟು ಆಡಿಸು, ಪೂರಾ ತಿರುಗಿಸಬ್ಯಾಡ. ನಾನು ನಿಲ್ಸು ಅನ್ನತನಕ ಆಡಿಸ್ತಾನೇ ಇರು" ಅಂದು ನನ್ನನ್ನ ಮೇಲೆ ಹತ್ತಿಸಿ, ಗೋಣಿಚೀಲ ಹಾಸಿಕೊಂಡು ಕೆಳಗೆ ಹೋದರು.

ಓದ್ತಾ ಇರುವ ನಿಮ್ಮಲ್ಲಿ ಬಹಳ ಜನ ಗಾಡಿ ಕೆಳಗೆ ಇಣುಕಿರಲ್ಲ, ಅದಕ್ಕೆ ಹೇಳ್ತೀನಿ. ನಿಮ್ಮ ಕೈಯಲ್ಲಿರುವ ಸ್ಟೇರಿಂಗು ಚಕ್ರಕ್ಕೆ ಸೀದಾ ಅಂಟಿಕೊಂಡಿಲ್ಲ. ಕೈಯಿಂದ ಒಂದು ರಾಡು ಕೆಳಗೆ ಇಳಿಯುತ್ತೆ, ಮಧ್ಯೆ ಒಂದೋ ಎರಡೋ ಜಾಯಿಂಟು. ಅದು ಬಾಕ್ಸಿನೊಳಗೆ ಹೋಗುತ್ತೆ. ಬಾಕ್ಸು ಚಾಸಿಗೆ ಬೋಲ್ಟಾಗಿ ಕೂತಿರುತ್ತೆ. ಬಾಕ್ಸಿನಿಂದ ಡ್ರಾಪ್ ಆರ್ಮ್ ಅನ್ನೋ ಒಂದು ತೋಳು ಹೊರಗೆ ಬರುತ್ತೆ, ಅದು ಡ್ರ್ಯಾಗ್ ಲಿಂಕ್ ಎಳೆಯುತ್ತೆ, ಅದು ಒಂದು ಚಕ್ರವನ್ನ ತಿರುಗಿಸುತ್ತೆ, ಆ ಚಕ್ರವನ್ನೂ ಇನ್ನೊಂದು ಚಕ್ರವನ್ನೂ ಟೈರಾಡ್ ಕಟ್ಟಿ ಹಾಕಿರುತ್ತೆ. ಚಕ್ರದ ಹತ್ತಿರ ಕಿಂಗ್ ಪಿನ್ನೋ ಬಾಲ್ ಜಾಯಿಂಟೋ, ಒಳಗೆ ಬೇರಿಂಗು. ಒಂದೊಂದು ಗಂಟಿನಲ್ಲೂ ಕೂದಲೆಳೆಯಷ್ಟು ಸಡಿಲ ಬಂದರೂ ಸಾಕು, ಮೇಲೆ ಕೂತವನ ಕೈಗೆ ಅದೆಲ್ಲ ಕೂಡಿ ಒಂದೇ ಮೊತ್ತವಾಗಿ ಸಿಗುತ್ತೆ. ಅವನಿಗೆ 'ಲೂಸು' ಅಂತ ಮಾತ್ರ ಗೊತ್ತಾಗೋದು. ಎಲ್ಲಿ ಅನ್ನೋದು ಗೊತ್ತಾಗಲ್ಲ.

ಎಲ್ಲಿ ಅಂತ ಹುಡುಕೋಕೆ ಮೇಸ್ತ್ರಿ ಮಾಡ್ತಾ ಇದ್ದದ್ದು ಇಷ್ಟೇ. ನಾನು ಆಡಿಸ್ತಾ ಇದ್ದ ಹಾಗೆ ಒಂದೊಂದು ಜಾಯಿಂಟಿನ ಮೇಲೂ ಅಂಗೈ ಇಡೋರು, ಅರ್ಧ ಕೈ ಆ ಕಡೆಯ ಕಬ್ಬಿಣದ ಮೇಲೆ, ಅರ್ಧ ಈ ಕಡೆಯದರ ಮೇಲೆ. ಜಾಯಿಂಟು ಗಟ್ಟಿ ಇದ್ದರೆ ಎರಡೂ ಒಟ್ಟಿಗೆ ಚಲಿಸುತ್ತವೆ. ಸವೆದಿದ್ದರೆ ಒಂದು ಮೊದಲು ಹೋಗಿ, ಇನ್ನೊಂದು ಒಂದು ಗಳಿಗೆ ತಡವಾಗಿ ಹಿಂದೆ ಹೋಗುತ್ತೆ. ಆ ತಡ ಕಣ್ಣಿಗೆ ಕಾಣದಿದ್ದರೂ ಅಂಗೈಗೆ ಸಿಗುತ್ತಂತೆ. ಟೈರಾಡ್ ಎಂಡ್ ಆಯ್ತು, ಹೊಸದು, ಸರಿ ಇತ್ತು. ಡ್ರ್ಯಾಗ್ ಲಿಂಕ್ ಆಯ್ತು. ಮೇಲಿನ ರಾಡಿನ ಜಾಯಿಂಟು ಆಯ್ತು. ಆಮೇಲೆ ಹೊರಗೆ ಬಂದು ಮುಂದಿನ ಚಕ್ರಕ್ಕೆ ಜಾಕ್ ಕೊಟ್ಟು, ಚಕ್ರದ ತಲೆ ಮೇಲೊಂದು ಕೈ, ಬುಡದಲ್ಲೊಂದು ಕೈ ಇಟ್ಟು ಅಲ್ಲಾಡಿಸಿದರು. ಸ್ವಲ್ಪ ಕಟಕಟ ಅಂತು. "ಬ್ರೇಕ್ ಒತ್ತು" ಅಂದರು. ಒತ್ತಿದೆ. ಕಟಕಟ ನಿಂತಿತು. "ಬೇರಿಂಗು, ಸ್ವಲ್ಪ ಐತೆ. ಬ್ರೇಕ್ ಒತ್ತಿದ ಮೇಲೂ ಆಡಿದ್ರೆ ಕಿಂಗ್ ಪಿನ್ನು ಅಂತಿದ್ದೆ. ಆದ್ರೆ ನಿಮ್ಮ ರೋಗ ಇದಲ್ಲ" ಅಂದು ಬೇರಿಂಗು ಸರಿ ಮಾಡಿ, ಜಾಕ್ ಇಳಿಸಿ, ಮತ್ತೆ ಕೆಳಗೆ ಹೋದರು. ಕಮಾನ್ ಪ್ಲೇಟಿನ ಬುಶ್ಶು, ಯು-ಬೋಲ್ಟು ಎಲ್ಲ ತಟ್ಟಿ ನೋಡಿದರು. ಅಚ್ಚೇ ಅದರ ಜಾಗದಲ್ಲಿ ಆಡ್ತಾ ಇದ್ದರೆ ಸ್ಟೇರಿಂಗು ಎಷ್ಟು ಗಟ್ಟಿ ಇದ್ದೂ ಗಾಡಿ ದಾರಿ ಬಿಡುತ್ತೆ ಅಂದರು.

ಕೊನೆಗೆ ಕೈ ಬಂದು ನಿಂತಿದ್ದು ಹೊಸ ಬಾಕ್ಸಿನ ಮೇಲೆ. ಅರ್ಧ ಅಂಗೈ ಬಾಕ್ಸು, ಅರ್ಧ ಅಂಗೈ ಚಾಸಿ.

"ನಿಲ್ಸು."

ಸ್ಕ್ರೂಡ್ರೈವರಿನಲ್ಲಿ ಗ್ರೀಸು ಮಣ್ಣು ಕೆರೆದು, ಡೀಸೆಲ್ ಬಟ್ಟೆಯಲ್ಲಿ ಒರೆಸಿ, ನಮ್ಮಿಬ್ಬರನ್ನೂ ಕೆಳಗೆ ಕರೆದು ಟಾರ್ಚು ಹಾಕಿ ತೋರಿಸಿದರು. ಬಾಕ್ಸು ಕೂತಿರುವ ಬ್ರ್ಯಾಕೆಟ್ಟಿನಲ್ಲಿ ಬೋಲ್ಟಿನ ತೂತು ದುಂಡಗಿದ್ದದ್ದು ಸವೆದು ಮೊಟ್ಟೆಯಾಕಾರ ಆಗಿತ್ತು. ತೂತಿನ ಅಂಚಿನಿಂದ ಒಂದು ಬೆರಳುದ್ದ ಸಣ್ಣ ಬಿರುಕು, ತುಕ್ಕು ಹಿಡಿದು ಕೆಂಪು ಗೆರೆ. ನಾನು ಸ್ಟೇರಿಂಗ್ ಆಡಿಸಿದಾಗ ಚಕ್ರ ತಿರುಗುವ ಮುಂಚೆ ಬಾಕ್ಸೇ ಜಾರುತ್ತಿತ್ತು. 11,500 ರೂಪಾಯಿಯ ಹೊಸ ಬಾಕ್ಸನ್ನ ಆ ಮೊಟ್ಟೆ ತೂತಿಗೇ ಕೂರಿಸಿ, ಬೋಲ್ಟ್ ಬಿಗಿದು ಕಳಿಸಿದ್ದರು. ಗುಜರಿಗೆ ಹೋದ ಹಳೇ ಬಾಕ್ಸು ಚೆನ್ನಾಗೇ ಇತ್ತೋ ಏನೋ, ಈಗ ಕೇಳೋರು ಯಾರು.

ಸ್ಕ್ರೂ ಟೈಟ್ ಮಾಡಿದಾಗ ವಾರ ಚೆನ್ನಾಗಿತ್ತಲ್ಲ, ಅದ್ಯಾಕೆ ಅಂತ ಕೇಳಿದೆ. ಮೇಸ್ತ್ರಿ ನಕ್ಕರು. ಬಾಕ್ಸಿನೊಳಗಿನ ಹಲ್ಲು ನಡುವಿನಲ್ಲಿ ಹೆಚ್ಚು ಸವೆಯುತ್ತೆ, ಯಾಕಂದ್ರೆ ಗಾಡಿ ಬಹಳ ಹೊತ್ತು ಓಡೋದು ನೆಟ್ಟಗೆ. ಆ ನಡುವಿನ ಸಡಿಲ ಹೋಗಲಿ ಅಂತ ಸ್ಕ್ರೂ ಬಿಗಿದರೆ, ಸವೆಯದೆ ಉಳಿದ ಅಂಚಿನ ಹಲ್ಲುಗಳು ತಿರುವಿನಲ್ಲಿ ಕಚ್ಚಿಕೊಳ್ಳುತ್ತವೆ. ಒಂದು ಕಡೆಯ ಸಡಿಲವನ್ನ ಇನ್ನೊಂದು ಕಡೆ ಬಿಗಿದು ಮುಚ್ಚಿದ ಹಾಗೆ. ಮೊತ್ತ ಕಮ್ಮಿಯಾದ ಹಾಗೆ ಕಾಣುತ್ತೆ. ಬಿರುಕು ಅಲ್ಲೇ ಬೆಳೀತಾ ಇರುತ್ತೆ.

ಈಗ ಹೇಳಿ, ಈ ಒಂದು ತಾಸಿನ ಬೆಲೆ ಎಷ್ಟು? ಐನೂರು ಜಾಸ್ತಿಯಾಯ್ತಾ?

ನಮ್ಮ ಕಡೆಯವರು 'ನೋಡಿದ್ದಕ್ಕೆ' ದುಡ್ಡೇ ಕೊಡಲ್ಲ ಅಂತ ಅಂದುಕೊಂಡಿದ್ದರೆ ಅದೂ ಸುಳ್ಳು. ಕೊಳವೆಬಾವಿ ಹಾಕಿಸುವ ಮುಂಚೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ಅಡ್ಡಾಡಿ 'ಪಾಯಿಂಟ್' ಹೇಳುವವರಿಗೆ ಕೂಡ್ಲಿಗಿ ಸೀಮೆಯಲ್ಲಿ ಎಲೆ ಅಡಿಕೆ ಇಟ್ಟು ದುಡ್ಡು ಕೊಡ್ತಾರೆ, ಮುಂಚೇನೇ ಕೊಡ್ತಾರೆ. ನೀರು ಬೀಳದೆ ಬರೀ ಧೂಳು ಎದ್ದರೂ ವಾಪಸ್ ಕೇಳಲ್ಲ. ಜಾತಕ ನೋಡಿದವರಿಗೆ ಕೊಡ್ತಾರೆ. ಗಾಡಿ ಕೆಳಗೆ ಮಲಗಿ ಕಣ್ಣಿಗೆ ಮಣ್ಣು ಬೀಳಿಸಿಕೊಂಡು ನಿಜವಾಗಿ ನೋಡಿದವನಿಗೆ ಮಾತ್ರ ಕೊಡೋಕೆ ಕೈ ಬರಲ್ಲ. ಊರಲ್ಲಿ ಡಾಕ್ಟರಿಗೂ ಇದೇ ಗತಿ. ಸೂಜಿ ಚುಚ್ಚಿದರೆ ದುಡ್ಡು, "ಏನೂ ಇಲ್ಲ, ಎರಡು ದಿನ ರೆಸ್ಟ್ ತಗೊಳ್ಳಿ" ಅಂದರೆ ಇವನೆಂಥ ಡಾಕ್ಟ್ರು. ಹಾಗಾಗಿ ಸೂಜಿ ಬೇಕಿರಲಿ ಬೇಡದಿರಲಿ, ಚುಚ್ಚಿಸಿಕೊಂಡು ಬರ್ತೀವಿ. ಗಾಡಿಗೂ ಅಷ್ಟೇ. ಒಂದು ಸಾಮಾನು ಬದಲಾಗಬೇಕು, ಹಳೇದನ್ನ ಪೇಪರಿನಲ್ಲಿ ಸುತ್ತಿ ಕೈಗೆ ಕೊಡಬೇಕು, ಆಗಲೇ ಕೆಲಸ ಆಯ್ತು ಅಂತ ಸಮಾಧಾನ.

ನಗರದಲ್ಲಿರುವ ನಾವು ಮೇಲು ಅಂತ ಬೀಗಬೇಡಿ. ಬೆಂಗಳೂರಿನ ಸರ್ವಿಸ್ ಸೆಂಟರಿನಲ್ಲಿ ನಮ್ಮ ಕಾರಿಗೆ ಲ್ಯಾಪ್‌ಟಾಪು ಚುಚ್ಚಿ 'ಸ್ಕ್ಯಾನಿಂಗ್ ಚಾರ್ಜ್' ಅಂತ ಬರೆದರೆ ಜಿಎಸ್‌ಟಿ ಸೇರಿಸಿ ಕೊಟ್ಟು ಬರ್ತೀವಿ. ಅಲ್ಲೊಂದು ಸ್ಕ್ರೀನ್ ಇದೆಯಲ್ಲ. ಕೂಡ್ಲಿಗಿಯಲ್ಲಿ ಅದೇ ಕೆಲಸ ಮಾಡುವ ಅಂಗೈಗೆ ಸ್ಕ್ರೀನ್ ಇಲ್ಲ, ಬಿಲ್ ಬುಕ್ಕೂ ಇಲ್ಲ. ಅಂದಹಾಗೆ ಆ ಲ್ಯಾಪ್‌ಟಾಪು ನಮ್ಮ ಪಿಕಪ್ಪಿನ ಬಿರುಕನ್ನ ಸಾವಿರ ವರ್ಷ ಹುಡುಕಿದರೂ ಹಿಡಿಯುತ್ತಿರಲಿಲ್ಲ. ಕಬ್ಬಿಣದ ಆ ಬ್ರ್ಯಾಕೆಟ್ಟಿಗೆ ಯಾವ ವೈರೂ ಹೋಗಿರಲಿಲ್ಲ.

ಪರಿಣಾಮ ಏನಾಗಿದೆ ನೋಡಿ. ನೋಡುವುದಕ್ಕೆ ದುಡ್ಡಿಲ್ಲ, ಸಾಮಾನು ಹಾಕಿದರೆ ಉಂಟು. ಆಮೇಲೆ ಯಾವ ಗ್ಯಾರೇಜಿನವನು ಒಂದು ತಾಸು ಕೆಳಗೆ ಮಲಗ್ತಾನೆ? ಮೊದಲು ಕೈಗೆ ಸಿಕ್ಕಿದ್ದನ್ನ ಬದಲಿಸ್ತಾನೆ. ಸರಿ ಹೋದರೆ ಅವನ ಪುಣ್ಯ, ಹೋಗದಿದ್ದರೆ ಮುಂದಿನ ಸಾಮಾನು. ನಮ್ಮ ಗಾಡಿ ಮುಟ್ಟಿದ ಐದು ಜನರಲ್ಲಿ ಯಾರೂ ಕಳ್ಳರು ಅಂತ ನಾನು ಹೇಳಲ್ಲ. ಎರಡು ಸಲ 200 ತಗೊಂಡು ಸ್ಕ್ರೂ ಬಿಗಿದವರಿಗೆ ನಾವು ಕೇಳಿದ್ದೇ "ಟೈಟ್ ಮಾಡಿ" ಅಂತ. ಎಲ್ಲಿ ಲೂಸಾಗಿದೆ ನೋಡಿ ಅಂತ ಯಾರು ಕೇಳಿದ್ದರು? ಅಂಗೈ ಇಟ್ಟು ತಡ ಹಿಡಿಯುವ ವಿದ್ಯೆ ಕಲಿಯೋಕೆ ಹುಡುಗನಿಗೆ ವರ್ಷಗಟ್ಟಲೆ ಬೇಕು. ಟೈರಾಡ್ ಎಂಡ್ ಬಿಚ್ಚಿ ಹಾಕೋಕೆ ಒಂದು ತಿಂಗಳು ಸಾಕು. ಯಾವುದಕ್ಕೆ ಕೂಲಿ ಇದೆಯೋ ಅದನ್ನೇ ಅಲ್ಲವಾ ಅವನು ಕಲಿಯೋದು? ಮೇಸ್ತ್ರಿಯ ಶೆಡ್ಡಿನಲ್ಲಿ ಕಲಿಯುವ ಹುಡುಗರು ಯಾರೂ ಇರಲಿಲ್ಲ, ಅದನ್ನ ಗಮನಿಸಿದೆ.

ಎಫ್‌ಸಿ ಇತ್ತಲ್ಲ, ಅಲ್ಲಿ ಗೊತ್ತಾಗಲಿಲ್ವಾ ಅಂತ ಆಫೀಸಿನ ಗೆಳೆಯ ಕೇಳಿದ. ಒಳ್ಳೇ ಪ್ರಶ್ನೆ. ಸರಕು ಗಾಡಿಗೆ ಎಂಟು ವರ್ಷ ತುಂಬಿದ ಮೇಲೆ ವರ್ಷ ವರ್ಷ ಫಿಟ್‌ನೆಸ್ ಆಗಬೇಕು, ನಮ್ಮದೂ ಆಗಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 98ನೇ ನಿಯಮ ಅಂತ ಒಂದಿದೆ, ಅದರ ವಿಷಯವೇ ಸ್ಟೇರಿಂಗು. ಸ್ಟೇರಿಂಗಿನ ಸಡಿಲ 30 ಡಿಗ್ರಿ ಮೀರಬಾರದು ಅಂತ ಹೇಳುತ್ತೆ. 30 ಡಿಗ್ರಿ ಅಂದರೆ ಎಷ್ಟು ಗೊತ್ತಾ? ಗೋಡೆ ಗಡಿಯಾರ ನೋಡಿ, ಹನ್ನೆರಡರಿಂದ ಒಂದಕ್ಕೆ ಇರುವ ಅಂತರ. 40 ಸೆಂಟಿಮೀಟರ್ ಅಗಲದ ಸ್ಟೇರಿಂಗಿನ ಅಂಚಿನಲ್ಲಿ ಅದು ಹತ್ತು ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು. ಅಂದರೆ ಅಷ್ಟು ದೂರ ನಿಮ್ಮ ಕೈ ಹೋದರೂ ಚಕ್ರ ಅಲುಗದಿರಬಹುದು, ಅದು ಕಾನೂನಿನ ಒಳಗೇ. ಗಂಟೆಗೆ 60 ಕಿಲೋಮೀಟರಿನಲ್ಲಿ ಗಾಡಿ ಒಂದು ಸೆಕೆಂಡಿಗೆ 17 ಮೀಟರಿನಷ್ಟು ಮುಂದೆ ಹೋಗಿರುತ್ತೆ, ಹಿಂದೆ ಹೆಣ್ಣುಮಕ್ಕಳು ಕಂಬಿ ಹಿಡಿದು ನಿಂತಿರ್ತಾರೆ.

ಆ ನಿಯಮದಲ್ಲೇ ಮುಂದಿನ ಮಾತು ಇನ್ನೂ ಚೆನ್ನಾಗಿದೆ. ಸ್ಟೇರಿಂಗಿನ ಬಾಲ್ ಜಾಯಿಂಟುಗಳಿಗೆಲ್ಲ ರಬ್ಬರ್ ಟೋಪಿ ಇರಬೇಕು, ಜೋಡಣೆಯ ಬೋಲ್ಟು ಪಿನ್ನುಗಳು ಸರಿಯಾಗಿ ಲಾಕ್ ಆಗಿರಬೇಕು ಅನ್ನುತ್ತೆ. ಇದನ್ನ ಬರೆದವರು ಯಾರೋ ಗಾಡಿ ಕೆಳಗೆ ಮಲಗಿ ಎದ್ದವರೇ ಇರಬೇಕು. ನಮ್ಮ ಕಡೆಯ ಎರೆಮಣ್ಣು, ಕೆಮ್ಮಣ್ಣು ಎರಡರ ಧೂಳೂ ಹರಿದ ರಬ್ಬರಿನೊಳಗೆ ಹೊಕ್ಕು, ಗ್ರೀಸಿನ ಜೊತೆ ಕಲಸಿ, ಅರೆಯುವ ಕಲ್ಲಿನ ಹಾಗೆ ಕಬ್ಬಿಣ ತಿನ್ನುತ್ತೆ. ಆ ಮೂವತ್ತು, ನಲವತ್ತು ರೂಪಾಯಿಯ ರಬ್ಬರು ನೋಡಬೇಕೆಂದರೂ ಬಗ್ಗಲೇಬೇಕು. ಡಿಗ್ರಿ ಅಳೆಯೋದಾದರೆ ಸೀಟಿನಲ್ಲಿ ಕೂತೇ ಅಳೆಯಬಹುದು. ಬಿರುಕು ಬಿಟ್ಟ ಬ್ರ್ಯಾಕೆಟ್ಟಿನ ಗಾಡಿ 25 ಡಿಗ್ರಿ ತೋರಿಸಿ ಪಾಸಾಗುತ್ತೆ. ಮಾರನೇ ದಿನ ಬ್ರ್ಯಾಕೆಟ್ಟು ಕಿತ್ತು ಬಂದರೆ ಆಗ ಅಳೆಯೋಕೆ ಡಿಗ್ರಿಯೇ ಉಳಿದಿರಲ್ಲ.

"ಅಷ್ಟು ಹಳೇ ಗಾಡಿ ಯಾಕ್ರೀ ಇಟ್ಕೋತೀರಾ, ಸ್ಕ್ರ್ಯಾಪ್ ಮಾಡಿ ಹೊಸದು ತಗೊಳ್ಳಿ" ಅನ್ನೋ ಸಲಹೆ ನನಗೆ ಆಫೀಸಿನ ಕಾಫಿ ಮಷೀನಿನ ಪಕ್ಕ ಕನಿಷ್ಠ ಮೂರು ಸಲ ಸಿಕ್ಕಿದೆ. ಈರುಳ್ಳಿ ರೇಟು ಬಿದ್ದ ವರ್ಷ ಹೊಸ ಗಾಡಿಯ ಕಂತು ಯಾರು ಕಟ್ಟೋದು ಅನ್ನೋದನ್ನ ಬಿಡಿ. ಹೊಸ ಬಾಕ್ಸನ್ನ ಹಳೇ ಬಿರುಕಿನ ಮೇಲೆ ಕೂರಿಸಿದವರು ನಾವು. ನೋಡದೆ ಹೊಸದು ತರುವ ಬುದ್ಧಿ ಹೊಸ ಗಾಡಿಯನ್ನೂ ಐದು ವರ್ಷಕ್ಕೆ ಇದೇ ಶೆಡ್ಡಿಗೆ ತರುತ್ತೆ.

ಇನ್ನೊಂದು ಆಕ್ಷೇಪ ಸ್ವಲ್ಪ ಗಟ್ಟಿ. ನೋಡಿದ್ದಕ್ಕೆ ದುಡ್ಡು ಅಂತ ಶುರು ಮಾಡಿದರೆ ಪ್ರತಿಯೊಬ್ಬನೂ ಬಾನೆಟ್ಟು ಎತ್ತಿ ಇಳಿಸಿ ಐನೂರು ಕೇಳ್ತಾನೆ ಅಂತ ಅಣ್ಣ ವಾದ ಮಾಡಿದ. ಕೇಳಬಹುದು. ಅದಕ್ಕೆ ನನ್ನ ಹತ್ತಿರ ಇರೋದು ಒಂದೇ ಪರೀಕ್ಷೆ: ಎಲ್ಲಿ ಅಂತ ತೋರಿಸು. ಮೇಸ್ತ್ರಿ ಟಾರ್ಚು ಹಾಕಿ ತೋರಿಸಿದರು, ನನ್ನ ಕೈ ಹಿಡಿದು ಬಾಕ್ಸಿನ ಮೇಲೆ ಇಟ್ಟು "ಈಗ ಗೊತ್ತಾತೇನು?" ಅಂದರು, ಗೊತ್ತಾಯ್ತು. ತೋರಿಸಲಾಗದವನಿಗೆ ಕೊಡಬೇಡಿ. ಆದರೆ ತೋರಿಸಿದವನ ಹತ್ತಿರ ಚೌಕಾಸಿ ಮಾಡಬೇಡಿ. ಊರಿಗೆ ದುಡ್ಡು ಕಳಿಸುವ ನನ್ನಂಥವರು ಕಳಿಸೋ ಮುಂಚೆ ಫೋನಿನಲ್ಲಿ ಕೇಳಬೇಕಾದದ್ದೂ ಅದನ್ನೇ. ಎಷ್ಟು ಅಂತ ಆಮೇಲೆ. ಮೊದಲು, ಎಲ್ಲಿ?

2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಗುರುಬಸವೇಶ್ವರನ ತೇರು ಜನರ ನಡುವೆಯೇ ಉರುಳಿತು. ಅಚ್ಚು ಮುರಿದದ್ದು ಅಂತ ಆಗ ವರದಿಯಾಯ್ತು. ಆಮೇಲೆ ಎಷ್ಟೋ ದಿನ ನಮ್ಮೂರ ಹೋಟೆಲಿನಲ್ಲಿ ಮಂಡಕ್ಕಿ ತಿನ್ನುತ್ತಾ ಕೂತವರೆಲ್ಲ ಅಚ್ಚಿನ ಪಂಡಿತರೇ, ಯಾವ ಮರ, ಎಷ್ಟು ದಪ್ಪ, ಎಲ್ಲ ಬಲ್ಲವರೇ. ಅಣ್ಣನೂ ಅವರಲ್ಲೊಬ್ಬ. ಅವತ್ತು ಮೇಸ್ತ್ರಿಯ ಶೆಡ್ಡಿನಲ್ಲಿ ಆ ಕೆಂಪು ಗೆರೆ ನೋಡಿದ ಮೇಲೆ ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿನ್ನೆ ಹತ್ತೊಂಬತ್ತು ಮಂದಿ ಇದ್ರು ಕಣೋ ಹಿಂದೆ" ಅಂದ. ಲೆಕ್ಕ ಇಟ್ಟಿದ್ದ, ತಲೆಗಿಷ್ಟು ಅಂತ ಬಾಡಿಗೆ ತಗೊಳ್ಳೋನಲ್ಲವಾ. ಹತ್ತೊಂಬತ್ತು ಜನರಲ್ಲಿ ನಮ್ಮ ಅತ್ತಿಗೆಯೂ ಒಬ್ಬಳು.

ಅಷ್ಟಾದರೂ ಐನೂರಕ್ಕೆ ಮುನ್ನೂರು ಅಂತ ಚೌಕಾಸಿ ಮಾಡಿದ. ಮೇಸ್ತ್ರಿ "ಕೊಟ್ಟಷ್ಟು ಕೊಡ್ರಿ" ಅಂದುಬಿಟ್ಟರು. ಆ ಮಾತು ಕೇಳಿ ನನಗೆ ಅವಮಾನವಾಗಿ ನಾನೇ ಐನೂರು ಕೊಟ್ಟೆ. ಕೊಡುವಾಗಲೂ ಕೈ ಸ್ವಲ್ಪ ಭಾರವಾಗಿತ್ತು ಅನ್ನೋದನ್ನ ಮುಚ್ಚಿಡಲ್ಲ.

ಹೋದ ತಿಂಗಳು ಮತ್ತೆ ಫೋನು. "ಮೇಸ್ತ್ರಿ ಹತ್ರ ಹೋಗಿದ್ದೆ. ಜಾತ್ರೆ ಬಂತಲ್ಲ, ಒಂದ್ಸಲ ನೋಡಿಸೋಣ ಅಂತ. ಪೂರಾ ಒಂದ್ ತಾಸು ಕೆಳಗೆ ಬಿದ್ದು ನೋಡಿದ. ಏನೂ ಇಲ್ಲ, ಗಟ್ಟಿ ಐತೆ ಅಂದ."

"ಒಳ್ಳೇದಾಯ್ತಲ್ಲ."

"ಐನೂರು ತಗೊಂಡ ಕಣೋ. ಏನೂ ಇಲ್ಲ ಅನ್ನಾಕೆ ಐನೂರು!"

"ಕೊಟ್ಯಾ?"

"ಕೊಟ್ಟೆ. ನೀನು ಹಾಕು."